ದೆವ್ವಕ್ಕೆ ಅಂಜದ ಕೆಂಪವ್ವ

ಬಾಣಂತಿಯಾದವಳು ದೆವ್ವದ ಸಿನಿಮಾ ನೋಡಬಾರದು ಎಂದು ಬೈಲಹೊಂಗಲದ ಆ ಓಣಿಯಲ್ಲಿ ಹೇಳದವರಿಲ್ಲ. ಎದುರು ಮನೆಯ ವೀರಪ್ಪನಂತೂ ಕಟ್ಟೆಯ ಮೇಲೆ ಕುಳಿತು, "ಕೂಸಿಗೆ ಚೊಲೊ ಅಲ್ಲ ಕೆಂಪವ್ವಾ, ಅಂಜಿದ್ರ ಎದಿಹಾಲ ಬತ್ತತಾವ" ಎಂದು ದೊಡ್ಡ ಡಾಕ್ಟರನ ಗತ್ತಿನಲ್ಲಿ ಎಚ್ಚರಿಸಿದ್ದ. ಕೆಂಪವ್ವ ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ನನ್ನ ಸೊಸಿ ನಾಕು ಗೋಡಿ ನಡುವ ಕುಂತು ಕುಂತು ಬ್ಯಾಸತ್ತಾಳ. ನೋಡಲಿ ಬಿಡು. ದೆವ್ವ ಟಿವಿ ಬಿಟ್ಟು ಹೊರಗ ಬಂದ್ರ ನಾ ಅದೇನಿ" ಎಂದು ಅವನ ಬಾಯಿ ಮುಚ್ಚಿಸಿದಳು.

ಸೊಸೆ ರೇಣು ಕಿತ್ತೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಾಯಿ ಇಲ್ಲದವಳಾದ್ದರಿಂದ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಗಂಡ ಸಾಗರ ಲೈನ್‌ಮನ್. ಸುರೇಬಾನದ ಕಡೆ ಡ್ಯೂಟಿ, ವಾರಕ್ಕೊಮ್ಮೆ ಬರುವವನು. ಹಾಗಾಗಿ ಮನೆಯಲ್ಲಿ ಸದಾ ಇರುತ್ತಿದ್ದವರು ಅತ್ತೆ, ಸೊಸೆ, ಮತ್ತು ಪುಟ್ಟ ಸಂಘಮಿತ್ರಾ. ಆ ಹೆಸರನ್ನು ರೇಣುವಿನ ಅಪ್ಪ ನೀಲಪ್ಪ ಆಸೆಪಟ್ಟು ಇಟ್ಟಿದ್ದ. ಕೆಂಪವ್ವನ ಬಾಯಲ್ಲಿ ಅದು ಮೊದಲ ವಾರದಲ್ಲೇ 'ಸಂಗವ್ವ' ಆಗಿಹೋಗಿತ್ತು.

ಬೆಳಿಗ್ಗೆ ಎಣ್ಣೆ ಸ್ನಾನ, ಶೇಗಡಿಯ ಕೆಂಡಕ್ಕೆ ಅಜವಾನ ಹಾಕಿ ಹೊಗೆ, ಆಮೇಲೆ ಅಂಟಿನ ಉಂಡಿ, ಬಿಸಿ ಹಾಲು. ಮಧ್ಯಾಹ್ನ ಕೂಸು ಮಲಗಿತೆಂದರೆ ರೇಣು ಟಿವಿ ಹಚ್ಚುತ್ತಿದ್ದಳು. ಒಂದು ದಿನ ದೆವ್ವ, ಒಂದು ದಿನ ಕೊಲೆ. ಕನ್ನಡದ್ದು ಮುಗಿದರೆ ಕನ್ನಡಕ್ಕೆ ಡಬ್ ಆದದ್ದು. ಅವಳ ಜೊತೆ ಬಿ.ಎಡ್. ಓದಿದ ಮಹಾನಂದಾ ರಾಮದುರ್ಗದಲ್ಲಿದ್ದಳು. ಅವಳೂ ಅದೇ ವಾರ ಅದೇ ಸಿನಿಮಾ ನೋಡುವಳು. ಆಮೇಲೆ ಇಬ್ಬರೂ ಫೋನಿನಲ್ಲಿ ಉದ್ದುದ್ದ ಮಾತು ರೆಕಾರ್ಡ್ ಮಾಡಿ ಕಳಿಸಿಕೊಳ್ಳುವರು: ಯಾವುದು ಅಂಜಿಸಿತು, ಯಾವುದು ಬರೇ ಬಣ್ಣ ಬಳಿದುಕೊಂಡು ಕುಣಿಯಿತು, ಯಾವ ಕೊಲೆಗಾರ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕುಬಿದ್ದ.

ಒಂದು ಸಲ ರೇಣು ತಮಾಷೆಗೆಂದು ಅತ್ತೆಯ ಮುಂದೆ ಫೋನ್ ಹಿಡಿದಳು. ಆ ದಿನ ನೋಡಿದ್ದು ಹಾಳುಬಿದ್ದ ವಾಡೆಯಲ್ಲಿ ಕೂದಲು ಬಿಟ್ಟುಕೊಂಡು ಅಲೆಯುವ ಹೆಣ್ಣುದೆವ್ವದ ಕಥೆ.

"ಅಕಿ ದೆವ್ವ ಅಲ್ಲವಾ" ಎಂದಳು ಕೆಂಪವ್ವ. "ಅಕಿ ಮೈಯಾಗ ರಕ್ತ ಕಡಿಮಿ ಐತಿ. ಕಣ್ಣಿನ ಕೆಳಗಿನ ತೊಗಲ ನೋಡಿದೇನ? ಕಬ್ಬಿಣದ ಗುಳಿಗಿ ಕೊಟ್ಟು ನುಗ್ಗಿತಪ್ಪಲ ಪಲ್ಯಾ ತಿನ್ನಿಸಿದ್ರ ನೆಟ್ಟಗ ಆಗತಾಳ. ಅಷ್ಟೂ ಮಂದಿ ಅಕಿನ್ನ ಕಂಡು ಓಡತಾರ, ಒಬ್ಬರರ 'ಯವ್ವಾ, ಉಂಡಿಯೇನ' ಅಂತ ಕೇಳಲಿಲ್ಲ."

ಮಹಾನಂದಾ ನಕ್ಕು ನಕ್ಕು ಸುಸ್ತಾದಳಂತೆ. ಅವತ್ತಿನಿಂದ ಅವಳ ಮಾತು ಶುರುವಾಗುವುದೇ, "ಮೊದಲು ನಿಮ್ಮತ್ತಿ ಏನಂದ್ರು ಅದನ್ನ ಹೇಳ" ಎಂದು. ಕೊಲೆಯ ಚಿತ್ರಗಳಲ್ಲಂತೂ ಕೆಂಪವ್ವ ಎಷ್ಟೋ ಸಲ ಇವರಿಬ್ಬರಿಗಿಂತ ಮೊದಲೇ ಕೊಲೆಗಾರನನ್ನು ಹಿಡಿಯುತ್ತಿದ್ದಳು. "ಆ ತಮ್ಮನ ಮಾಡಿದಾಂವ. ಹೆಣದ ಮ್ಯಾಲಿನ ಅರಿವಿ ತಗದಾಗ ಎಲ್ಲಾರೂ ಮಾರಿ ನೋಡಿದ್ರು. ಅಂವ ಒಬ್ಬನ ಬಾಗಲ ನೋಡಿದ" ಎನ್ನುವಳು. ಹೌದೆಂದರೆ ಹೌದು, ತಮ್ಮನೇ ಆಗಿರುತ್ತಿದ್ದ.

ಎಲ್ಲಕ್ಕಿಂತ ರೇಣುವಿಗೆ ಸೋಜಿಗವಾಗುತ್ತಿದ್ದದ್ದು ಅತ್ತೆಯ ಧೈರ್ಯ. ಬಾಗಿಲು ಧಡಾರನೆ ಬಡಿದಾಗ, ಕತ್ತಲೆಯಿಂದ ಯಾರೋ ಕಿರುಚಿದಾಗ ತಾನು ದಿಂಬು ಅವುಚಿಕೊಂಡರೆ, ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತ ಕೆಂಪವ್ವನ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ.

ಇದರ ಗುಟ್ಟು ಕೆಂಪವ್ವನೊಬ್ಬಳಿಗೇ ಗೊತ್ತಿತ್ತು. ಅವಳಿಗೆ ಆ ಕಿರುಚಾಟ ಕೇಳಿಸುತ್ತಲೇ ಇರಲಿಲ್ಲ.

ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಊರಿನ ಒಂದು ಹೆರಿಗೆ ದವಾಖಾನೆಯಲ್ಲಿ ಅವಳು ತಲೆಗೂದಲು ನೆರೆಯುವತನಕ ಆಯಾ ಆಗಿದ್ದಳು. ಹುಟ್ಟಿದ ಕೂಸಿನ ಮೊದಲ ದನಿ ಕೇಳಿಯೇ, "ಇದು ಗಟ್ಟಿ ಐತಿ ಬಿಡ್ರಿ" ಎಂದು ಹೊರಗೆ ನಿಂತವರಿಗೆ ಹೇಳುವವಳು. ಕೊನೆಯ ವರ್ಷಗಳಲ್ಲಿ ಆ ದನಿಗಳು ದೂರವಾದವು. ಒಂದು ದಿನ ವಾರ್ಡಿನ ಹೆಣ್ಣುಮಗಳೊಬ್ಬಳು ಗಂಟೆ ಒತ್ತಿ ಒತ್ತಿ ಸಾಕಾಗಿ, ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಕೆಂಪವ್ವ ಮರುವಾರವೇ "ಮೊಳಕಾಲ ನೋವು" ಎಂದು ಹೇಳಿ ಕೆಲಸ ಬಿಟ್ಟಳು.

ಗಂಡಸರ ದಪ್ಪ ದನಿ, ಟ್ರ್ಯಾಕ್ಟರಿನ ಸದ್ದು ಈಗಲೂ ತಿಳಿಯುತ್ತಿದ್ದವು. ಅದಕ್ಕೇ ಸಾಗರನಿಗೆ ಅನುಮಾನ ಬಂದಿರಲಿಲ್ಲ. ರೇಣು ಎದುರಿಗೆ ಕುಳಿತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುವಳು. ಡಬ್ ಮಾಡಿದ ಸಿನಿಮಾದಲ್ಲಿ ಅದೂ ಸಾಧ್ಯವಿಲ್ಲ; ತುಟಿಯದೇ ಒಂದು ದಾರಿ, ಮಾತಿನದೇ ಒಂದು ದಾರಿ. ಅಲ್ಲಿ ಕಣ್ಣು, ಕೈ, ನಿಂತ ರೀತಿ ಇಷ್ಟರ ಮೇಲೆಯೇ ಕಥೆ ಕಟ್ಟಿಕೊಳ್ಳಬೇಕು. ಅವಳು ಕಟ್ಟಿಕೊಳ್ಳುತ್ತಿದ್ದಳು.

ಯಾಕೆ ಹೇಳಲಿಲ್ಲವೆಂದರೆ, ಅವಳು ತನ್ನ ಅತ್ತೆಯನ್ನು ನೋಡಿದ್ದಳು. ಕಿವಿ ಹೋದ ಆ ಮುದುಕಿಗೆ ಮನೆಯವರು ಮೊದಮೊದಲು ಒದರಿ ಒದರಿ ಹೇಳಿದರು. ಆಮೇಲೆ ಕೈಸನ್ನೆ. ಆಮೇಲೆ ಅದೂ ಇಲ್ಲ. ಅವಳು ಮೂಲೆಯಲ್ಲಿಟ್ಟ ಕಾಳಿನ ಚೀಲದ ಹಾಗೆ ಅಲ್ಲೇ ಇರುತ್ತಿದ್ದಳು, ಯಾರೂ ಅವಳ ಕಡೆ ಬಾಯಿ ತೆರೆಯುತ್ತಿರಲಿಲ್ಲ. ತನಗೂ ಅದೇ ಗತಿ ಬಂದೀತೆಂದು ಕೆಂಪವ್ವನಿಗೆ ಅಂಜಿಕೆ.

ಈಗ ಅದಕ್ಕಿಂತ ದೊಡ್ಡ ಚಿಂತೆ ಬಂದಿತ್ತು. ರೇಣುವಿನ ರಜೆ ಮುಗಿಯುತ್ತ ಬಂದಿತ್ತು. ಅವಳು ಶಾಲೆಗೆ ಹೋದ ಮೇಲೆ ದಿನವಿಡೀ ಕೂಸಿನ ಜೊತೆ ಕೆಂಪವ್ವ ಒಬ್ಬಳೇ. ಒಳಕೋಣೆಯಲ್ಲಿ ಕೂಸು ಅತ್ತರೆ ಅಡಿಗೆಮನೆಯಲ್ಲಿ ಅವಳಿಗೆ ತಿಳಿಯುವುದು ಹೇಗೆ? ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಕೂರುತ್ತಿದ್ದಳು. ನೋಡಿದವರು ತೂಗಲು ಎಂದುಕೊಂಡರು. ಕೂಸು ಎದ್ದು ಕಾಲು ಬಡಿದರೆ ಹಗ್ಗ ಜಗ್ಗುತ್ತಿತ್ತು. ಆದರೆ ಹಗ್ಗ ಕಟ್ಟಿಕೊಂಡು ರೊಟ್ಟಿ ಬಡಿಯಲು ಆದೀತೇ? ನೀರು ತುಂಬಲು ಆದೀತೇ?

ಹೀಗಿರುವಾಗ ಒಂದು ಮಧ್ಯಾಹ್ನ ಇಬ್ಬರೂ ಹೊಸದೊಂದು ಸಿನಿಮಾ ನೋಡಿದರು. ಒಬ್ಬಳೇ ಹೆಂಗಸು ಹೊಸ ಮನೆಗೆ ಬಾಡಿಗೆಗೆ ಬರುತ್ತಾಳೆ. ಆಮೇಲೆ ಸಿನಿಮಾದ ತುಂಬ ಅವಳು ಒಂದು ಗೋಡೆಯನ್ನೇ ನೋಡುತ್ತಾಳೆ. ಮೆಲ್ಲಗೆ ಹತ್ತಿರ ಹೋಗುತ್ತಾಳೆ, ಹಿಂದೆ ಸರಿಯುತ್ತಾಳೆ, ಅಳುತ್ತಾಳೆ. ರೇಣು ಎರಡು ಸಲ ಎದ್ದು ತೊಟ್ಟಿಲು ನೋಡಿ ಬಂದಳು.

"ಹೇಳ್ರಿ ಅತ್ತಿ, ಮಹಾನಂದಾ ಕಾಯಾಕತ್ತಾಳ" ಎಂದು ಫೋನ್ ಹಿಡಿದಳು.

ಕೆಂಪವ್ವ ಎಂದಿನಂತೆ ಶುರು ಮಾಡಿದಳು: "ಇದೇನ ಪಿಚ್ಚರವಾ! ಕಥಿ ಬರಿಯೂದ ಮರತಾರ. ಆ ಹೆಣಮಗಳಿಗೆ ಕೆಲಸ ಇಲ್ಲ, ಬೊಗಸಿ ಇಲ್ಲ. ಖಾಲಿ ಗೋಡಿ ನೋಡಕೋತ ಕುಂದರತಾಳ. ಗೋಡಿಯಾಗರ ಏನೈತಿ? ಏನೂ ಇಲ್ಲ. ನನಗಂತೂ ತೂಕಡಿಕಿ ಬಂತು."

ರೇಣುವಿನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು.

"ಅತ್ತಿ, ಗೋಡಿಯಾಗಿನ ಕೂಸು?"

"ಯಾವ ಕೂಸು?"

ಕೇಳಿದ ಮರುಕ್ಷಣ ಕೆಂಪವ್ವನಿಗೆ ತಾನು ಎಲ್ಲಿ ಕಾಲಿಟ್ಟೆ ಎಂದು ತಿಳಿಯಿತು. ಸೊಸೆಯ ಮುಖದಲ್ಲಿ ಒಂದೊಂದೇ ಲೆಕ್ಕ ಕೂಡುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಮುಖ ಓದುವುದರಲ್ಲಿ ಅವಳು ಪಳಗಿದವಳಲ್ಲವೇ?

"ಪಿಚ್ಚರ್ ತುಂಬ ಗೋಡಿಯಾಗಿಂದ ಕೂಸು ಅಳತಿತ್ತಲ್ರಿ" ಎಂದಳು ರೇಣು ಮೆಲ್ಲಗೆ. "ನಿಮಗ ಕೇಳಸಲಿಲ್ಲೇನ್ರಿ?"

"ಕೇಳಸ್ತು. ಯಾಕ ಕೇಳಸಂಗಿಲ್ಲ? ನಿನ್ನ ಟಿವಿದ ದನಿನ ಸಣ್ಣ ಐತಿ" ಎಂದು ಕೆಂಪವ್ವ ಎದ್ದಳು. ಎದ್ದ ರಭಸಕ್ಕೆ ಹೆಬ್ಬೆರಳಿನ ಹಗ್ಗ ಜಗ್ಗಿ ತೊಟ್ಟಿಲು ಅಲುಗಿತು. ರೇಣು ಆ ಹಗ್ಗವನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ತೊಟ್ಟಿಲು ಹಿಡಿದು ನಿಲ್ಲಿಸಿದಳು. ಅವಳು ಬೈದಿದ್ದರೆ ಕೆಂಪವ್ವ ಜಗಳವಾಡಿ ಹಗುರಾಗಬಹುದಿತ್ತು.

ಮರುದಿನ ಬೆಳಿಗ್ಗೆ ಕೆಂಪವ್ವ ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು, "ಸವದತ್ತ್ಯಾಗ ಬಾಯವ್ವಗ ಆರಾಮಿಲ್ಲಂತ. ನೋಡಕೊಂಡ ಬರತೇನಿ" ಎಂದಳು. ಬಾಯವ್ವ ಅವಳ ತಂಗಿ.

"ಹೋಗಿ ಬರ್ರಿ" ಎಂದಳು ರೇಣು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಕೆಂಪವ್ವನಿಗೆ, ಸೊಸೆ ತಡೆಯಲಿಲ್ಲವಲ್ಲ ಎಂದೇ ಹೆಚ್ಚು ಸಂಕಟವಾಯಿತು. ಇನ್ನು ಕೂಸನ್ನು ನೋಡಿಕೊಳ್ಳಲು ಬೇರೆ ಯಾರನ್ನೋ ಹುಡುಕುತ್ತಾರೆ. ಹುಡುಕಬೇಕಾದ್ದೇ. ತಾನಾದರೂ ಹಾಗೇ ಮಾಡುತ್ತಿದ್ದೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಾಯವ್ವ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತ ಗುಂಡುಕಲ್ಲಿನ ಹಾಗಿದ್ದಳು. "ನನಗ ಆರಾಮಿಲ್ಲಂತ ಯಾರ ಹೇಳಿದ್ರು ಅಕ್ಕಾ?" ಎಂದಳು. ಕೆಂಪವ್ವ ಚೀಲ ಮೂಲೆಗಿಟ್ಟು ಕಾಲು ತೊಳೆಯಲು ಹೋದಳು. ಅಕ್ಕನ ಸ್ವಭಾವ ಗೊತ್ತಿದ್ದ ಬಾಯವ್ವ ಮತ್ತೆ ಕೇಳದೆ ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು.

ಮಾರನೆಯ ದಿನ ಊಟದ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಕಣ್ಣೆತ್ತಿದರೆ ರೇಣು. ಹೆಗಲಲ್ಲಿ ಕೂಸು, ಬಗಲಲ್ಲಿ ಚೀಲ, ಬಸ್ಸಿನ ಧೂಳು ತಲೆಯ ಮೇಲೆ.

"ಬಿಸಲಾಗ ಕೂಸಿನ್ನ ತಗೊಂಡ ಬಂದೀಯಲ್ಲ, ಬುದ್ಧಿ ಐತೇನ ನಿನಗ?" ಎಂದು ಕೆಂಪವ್ವ ಕೈ ಚಾಚಿ ಸಂಗವ್ವನನ್ನು ಎತ್ತಿಕೊಂಡಳು. ಕೂಸು ಅಜ್ಜಿಯ ಮೂಗು ಹಿಡಿಯಿತು. ಬಾಯವ್ವ ಮಜ್ಜಿಗೆ ತರುತ್ತೇನೆಂದು ಒಳಗೆ ಹೋದಳು.

ರೇಣು ಅತ್ತೆಯ ಎದುರಿಗೆ ಮುಖ ಕಾಣುವ ಹಾಗೆ ಕುಳಿತಳು. ದನಿ ಏರಿಸಲಿಲ್ಲ.

"ಅತ್ತಿ, ನಾ ಯಾಕ ದೆವ್ವದ ಪಿಚ್ಚರ್ ನೋಡತೇನಿ ಗೊತ್ತೇನ್ರಿ?"

ಇದನ್ನು ಕೇಳುತ್ತಾಳೆಂದು ಕೆಂಪವ್ವ ಎಣಿಸಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

"ಇಕಿ ಹುಟ್ಟಿದಾಗಿಂದ ನನಗ ಅಂಜಿಕಿ. ಮಲಗಿದ್ರ ಉಸರಾಡಾಕತ್ತಾಳೋ ಇಲ್ಲೋ ಅಂತ ಮೂಗಿಗೆ ಬೆರಳ ಹಿಡದು ನೋಡತೇನಿ. ಹಾಲ ಕುಡದು ಕೆಮ್ಮಿದ್ರ ಕೈಕಾಲ ತಣ್ಣಗಾಗತಾವು. ನಿಮ್ಮ ಮಗಗೂ ಹೇಳಿಲ್ಲ ನಾ. ಹುಚ್ಚಿ ಅಂತಾರಂತ ಸುಮ್ಮನಾದೆ. ಪಿಚ್ಚರಿನ ಅಂಜಿಕಿ ಹಂಗಲ್ರಿ, ಎರಡ ತಾಸಿಗೆ ಮುಗಿತೈತಿ. ಮುಗಿದ ಮ್ಯಾಲೆ ಎದಿ ಒಂದೀಟು ಹಗುರ ಆಗತೈತಿ. ಮತ್ತ ಬಾಜೂಕ ನೀವು ಇರತೀರಿ. ನಿಮ್ಮ ಮಾರಿ ನೋಡಿದ್ರ, ಇವರು ಅಂಜಿಲ್ಲಂದ್ರ ಅಂಜೂವಂಥಾದ್ದು ಏನೂ ಇರಾಕಿಲ್ಲ ಅನಸ್ತಿತ್ತು."

ಕೆಂಪವ್ವ ಕೂಸಿನ ಬೆನ್ನು ಸವರಿದಳು.

"ಅದು ಧೈರ್ಯ ಅಲ್ಲ ರೇಣು" ಎಂದಳು. "ನನಗ ಕೇಳಸ್ತಿರಲಿಲ್ಲ. ನನಗೂ ಅಂಜಿಕಿ ಐತಿ. ಇಕಿ ಒಳಗ ಅತ್ತು ಅತ್ತು ಸುಸ್ತಾಗಿ, ನಾ ಹೊರಗ ನಕ್ಕೋತ ರೊಟ್ಟಿ ಬಡಿಯೂದು... ಅದನ್ನ ನೆನಸಿಕೊಂಡ್ರ ನನಗ ನಿದ್ದಿ ಬರಂಗಿಲ್ಲ. ಹೇಳಿದ್ರ ನೀವು ಇಕಿನ್ನ ನನ್ನ ಕೈಯಾಗ ಕೊಡಂಗಿಲ್ಲಂತ ಹೇಳಲಿಲ್ಲ. ತಪ್ಪ ನಂದ ಐತಿ."

"ಹೇಳಿದ್ರಲ್ಲ ಈಗ" ಎಂದಳು ರೇಣು. "ನಿಮಗ ಕಿವಿ ಕೇಳಸೂವಂಗ ಮಾಡೂಣು. ನಾ ಸಾಲಿಗೆ ಫೋನ ಮಾಡಿ ಇನ್ನೊಂದೀಟು ರಜಾ ಕೇಳೇನಿ. ಬೆಳಗಾವ್ಯಾಗ ಕಿವಿ ಪರೀಕ್ಷಾ ಮಾಡತಾರ. ನಿಮ್ಮ ಮಗ ಅಂತೂ ನಿನ್ನಿ ಫೋನಿನ್ಯಾಗ ಅಳಾಕ ಹತ್ತಿದ್ರು, 'ನಮ್ಮವ್ವಗ ಹಿಂಗಾಗೇತಿ, ನನಗ ತಿಳೀಲೇ ಇಲ್ಲ' ಅಂತ."

"ಸಾಗರಗೂ ಹೇಳಿದೇನ?"

"ಹೇಳದ ಏನ ಮಾಡ್ಲಿ? ಅವರ ಅವ್ವ ಅಲ್ಲೇನ್ರಿ ನೀವು?"

ಒಳಗಿಂದ ಮಜ್ಜಿಗೆಯ ಚರಿಗೆ ಹಿಡಿದು ಬಂದ ಬಾಯವ್ವ ಇಬ್ಬರ ಕೆಂಪು ಕಣ್ಣು ನೋಡಿ, "ಮೆಣಸಿನಕಾಯಿ ಘಾಟು ಭಾಳ ಐತಿ ಇವತ್ತ" ಎಂದಷ್ಟೇ ಹೇಳಿದಳು.

ಬೆಳಗಾವಿಯ ದವಾಖಾನೆಯಲ್ಲಿ ಸುಚೇತಾ ಎಂಬ ಹುಡುಗಿ ಕೆಂಪವ್ವನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕೇಳಿಸಿತೋ, ಕೇಳಿಸಿದ ಹಾಗಾಯಿತೋ ತಿಳಿಯದೆ ಸುಚೇತಾಳ ಮುಖ ನೋಡಿದಳು. ಅವಳು ಕಿಟಕಿಯಾಚೆ ಬೇಕೆಂದೇ ತಲೆ ತಗ್ಗಿಸಿ ಕುಳಿತಿದ್ದಳು. ಮುಖ ಓದಿ ಪಾಸಾಗುವ ಪರೀಕ್ಷೆಯಾಗಿರಲಿಲ್ಲ ಅದು.

ಹೊರಗೆ ಬಂದ ಮೇಲೆ ಸುಚೇತಾ ಎದುರಿಗೆ ಕುಳಿತು ಹೇಳಿದಳು: "ಪೂರ್ತಿ ಹೋಗಿಲ್ಲ ಅಜ್ಜಿ. ಸಣ್ಣ ದನಿ, ಹೆಣ್ಣುಮಕ್ಕಳ ದನಿ, ಕೂಸಿನ ದನಿ ನಿಮಗ ಸರಿಯಾಗಿ ಮುಟ್ಟವಲ್ಲವು. ವಯಸ್ಸಿಗೆ ಬರೋ ತ್ರಾಸು ಇದು. ಮಶೀನ ಹಾಕಿಕೊಂಡ್ರ ಭಾಳ ಸುಧಾರಿಸತೈತಿ. ಮೊದಲಿನ ಕಿವಿನ ಬಂತು ಅನ್ನೂವಂಗ ಆಗಂಗಿಲ್ಲ. ಮತ್ತ ರೂಢಿ ಆಗಾಕ ಟೈಮ ಬೇಕು. ಸಿಟ್ಟಾಗಿ ತಗದು ಪೆಟ್ಟಿಗ್ಯಾಗ ಇಡಬ್ಯಾಡ್ರಿ ಮತ್ತ."

ಸಿಟ್ಟು ಬಂದೇ ಬಂತು. ಮಶೀನು ಹಾಕಿಕೊಂಡ ಮೊದಲ ವಾರ ಕೆಂಪವ್ವನಿಗೆ ಲೋಕವೆಲ್ಲ ಜಗಳಕ್ಕೆ ನಿಂತ ಹಾಗಿತ್ತು. ತಾಟು ಇಟ್ಟರೆ ತಲೆಯೊಳಗೆ ಇಟ್ಟ ಹಾಗೆ. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಬೆಂಕಿ ಹತ್ತಿದ ಹಾಗೆ. ಕುಕ್ಕರಿನ ಸೀಟಿಗೆ ಕೈಯಲ್ಲಿದ್ದ ಸೌಟು ಬಿಟ್ಟುಬಿಟ್ಟಳು. ತನ್ನ ದನಿಯೇ ಕೊಡಪಾನದೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳಿಸಿತು. "ಇದಕ್ಕಿಂತ ಮೊದಲಿಂದೇ ಚೊಲೊ ಇತ್ತು" ಎಂದು ಎರಡು ಸಲ ತೆಗೆದಿಟ್ಟಳು, ಎರಡು ಸಲವೂ ತಾನೇ ಹಾಕಿಕೊಂಡಳು.

ಹಾಕಿಕೊಳ್ಳಲು ಕಾರಣವಿತ್ತು. ಕೂಸಿಗೆ ಎಣ್ಣೆ ಹಚ್ಚುವಾಗ ಅದು ಬಾಯಿ ಆಡಿಸುವುದನ್ನು ಅವಳು ತಿಂಗಳುಗಟ್ಟಲೆ ನೋಡಿದ್ದಳು. ಈಗ ಅದರೊಳಗೆ ಒಂದು ಸದ್ದೂ ಇದೆಯೆಂದು ತಿಳಿಯಿತು. "ಗೂ... ಅಂಗೂ..." ಎಂದು ಅದು ಅಜ್ಜಿಗೆ ಏನೋ ಹೇಳುತ್ತಿತ್ತು. ಎಷ್ಟು ದಿನದಿಂದ ಹೇಳುತ್ತಿತ್ತೋ! ಕೆಂಪವ್ವ ಎಣ್ಣೆಗೈಯಲ್ಲೇ ರೇಣುವನ್ನು ಕೂಗಿದಳು. "ಇಕಿ ಮಾತಾಡತಾಳಲ್ಲ! ನೀ ನನಗ ಹೇಳಲೇ ಇಲ್ಲ!"

"ನಿಮಗ ಗೊತ್ತೈತಿ ಅಂತ ತಿಳದಿದ್ದೆ" ಎಂದು ರೇಣು ಬಾಗಿಲಿಗೆ ಒರಗಿ ನಕ್ಕಳು.

ಕಿವಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಕೆಂಪವ್ವನೇ, "ಆ ಗೋಡಿ ಪಿಚ್ಚರ್ ಹಚ್ಚು ನೋಡೂಣು" ಎಂದಳು. ಅವತ್ತು ಭಾನುವಾರ, ಸಾಗರನೂ ಇದ್ದ. ಮೊದಲು ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಎಲ್ಲಿಂದಲೋ, ತೀರ ಸಣ್ಣಗೆ, ಒಂದು ಕೂಸಿನ ಅಳು. ಕೆಂಪವ್ವ ಬಿಡಿಸುತ್ತಿದ್ದ ಅವರೆಕಾಯಿ ಬುಟ್ಟಿ ಉರುಳಿತು. ಅಳು ಹತ್ತಿರ ಬಂದಾಗ ಅವಳು ಸೊಸೆಯ ತೋಳನ್ನು ಎಷ್ಟು ಗಟ್ಟಿ ಹಿಡಿದಳೆಂದರೆ, ರೇಣು ಸಿನಿಮಾ ಬಿಟ್ಟು ಅತ್ತೆಯನ್ನೇ ನೋಡತೊಡಗಿದಳು.

"ಬಂದ್ ಮಾಡೋ ಸಾಗರಾ! ಬಂದ್ ಮಾಡ! ಆ ಕೂಸಿನ್ನ ಯಾರರ ಹೊರಗ ತಗೀರಿ!"

ಸಾಗರ ಟಿವಿ ಆರಿಸಿ, ನಗಬೇಕೋ ಬೇಡವೋ ತಿಳಿಯದೆ ಅವ್ವನಿಗೆ ನೀರು ಕೊಟ್ಟ. ಕೆಂಪವ್ವ ನೀರು ಕುಡಿದಳು, ಎದೆ ಮುಟ್ಟಿಕೊಂಡಳು, ಆಮೇಲೆ ತಾನೇ ನಗಲು ಶುರು ಮಾಡಿದಳು. ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಫೋನ್ ತಾ ಇಲ್ಲೆ" ಎಂದಳು ರೇಣುವಿಗೆ. "ಕೇಳ ಮಹಾನಂದಾ. ಇಷ್ಟ ದಿನ ನಾ ಹೇಳಿದ್ದು ಕಣ್ಣಿನ ಮಾತು. ಈ ಪಿಚ್ಚರ್ ಹೊಲಸು ಅಂತ ರೇಣುಗ ಅಂದಿದ್ದೆ, ಹಂಗಲ್ಲವಾ. ಮಾಡಿದವರು ಶಾಣ್ಯಾರು. ಅಂಥಾ ಸಣ್ಣ ಅಳುವಿನ್ಯಾಗ ಇಡೀ ಮನಿ ನಡುಗಿಸ್ಯಾರ. ಆದ್ರ ನಾ ಪೂರಾ ನೋಡಾಕಿ ಅಲ್ಲ. ಮುಂದಿನ ವಾರ ಖೂನಿದು ಯಾವದರ ಇದ್ರ ಹೇಳು."

ರಾಮದುರ್ಗದಿಂದ ಉತ್ತರ ಬಂತು. ಅದನ್ನು ಕೆಂಪವ್ವ ಫೋನ್ ಕಿವಿಗೆ ಹಿಡಿದು ತಾನೇ ಕೇಳಿದಳು: "ಅತ್ತೀರಿ, ನಾನೂ ಅದನ್ನ ಪೂರಾ ನೋಡಿಲ್ಲರಿ. ಅರ್ಧಕ್ಕ ಬಂದ್ ಮಾಡೇನಿ. ರೇಣುಗ ಹೇಳಬ್ಯಾಡ್ರಿ ಮತ್ತ."

ರೇಣು ಶಾಲೆಗೆ ಹೊರಡುವ ಸೋಮವಾರ ಬಂತು. ಅವಳು ಬಾಗಿಲ ತನಕ ಹೋಗಿ ಮರಳಿ ಬಂದು ಕೂಸಿನ ಮೂಗಿಗೆ ಬೆರಳು ಹಿಡಿದು ನೋಡಿದಳು.

"ಆಡತೈತಿ ಉಸರು. ನಾ ನೋಡೇನಿ" ಎಂದಳು ಕೆಂಪವ್ವ. "ಮಧ್ಯಾಹ್ನ ಫೋನ್ ಮಾಡು, ಹೇಳತೇನಿ. ಅಂಜಿಕಿ ಆದ್ರ ಮತ್ತೊಮ್ಮೆ ಮಾಡು. ಕೇಳಾಕ ನಾಚಬ್ಯಾಡ. ಹೋಗು, ಕಿತ್ತೂರ ಬಸ್ಸು ತಪ್ಪತೈತಿ."

ಸಂಜೆ ರೇಣು ಬಸ್ಸಿಳಿದು ಓಡುತ್ತಲೇ ಬಂದಳು. ಕೆಂಪವ್ವ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು.

"ಅತ್ತಳೇನ್ರಿ?"

"ಅತ್ತಳು. ಹೊಟ್ಟಿ ಹಸದಾಗೊಮ್ಮೆ ಅತ್ತಳು, ಅರಿವಿ ಹಸಿ ಆದಾಗೊಮ್ಮೆ ಅತ್ತಳು. ಎರಡೂ ಬ್ಯಾರೆ ಬ್ಯಾರೆ ದನಿ, ನಿನಗ ಕಲಿಸಿಕೊಡತೇನಿ. ಮೂರನೇ ಸಲ ಸುಮ್ಮನ ರಾಗ ತಗದ್ಲು. ಅವಾಗ ಗಡಬಡಿಸಿ ಎತ್ತಿಕೊಳ್ಳಲಿಲ್ಲ ನಾ. ಬಾಜೂಕ ಕುಂತು ಒಂದೀಟು ಹೊತ್ತು ಕೇಳಿದೆ."

ರೇಣು ಚೀಲ ಕೆಳಗಿಟ್ಟು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. "ಚಹಾ ಇಡಲೇನ್ರಿ ಅತ್ತಿ?" ಎಂದು ಅಲ್ಲಿಂದಲೇ ಕೇಳಿದಳು.

"ಇಡು. ಸಕ್ಕರಿ ಸ್ವಲ್ಪ ಹೆಚ್ಚಿಗಿ ಹಾಕು" ಎಂದಳು ಕೆಂಪವ್ವ, ಕೂಸಿನ ಮೇಲಿಂದ ಕಣ್ಣು ತೆಗೆಯದೆ.